ಹದ ನೋಡುವವಳು

ನಸುಕಿನ ನಾಲ್ಕೂವರೆಗೆ ಎದ್ದು ಒಝೆಲ್
ಹಿತ್ತಲ ಬಾಗಿಲು ತೆಗೆಯುತ್ತಾನೆ, ಸದ್ದಾಗದಂತೆ.
ಸದ್ದಾಗುತ್ತದೆ.
ಆ ಕೀಲುಗಳಿಗೆ ಎಣ್ಣೆ ಬಿಡುತ್ತೇನೆ ಎನ್ನುತ್ತಲೇ
ಮೂವತ್ತೊಂದು ವರ್ಷ.

ರೈಲ್ವೆ ಯಾರ್ಡಿನಿಂದ ಉರುಳಿಸಿ ತಂದ ಪೀಪಾಯಿ,
ಉದ್ದಕ್ಕೆ ಸೀಳಿ, ಮುಚ್ಚಳ ಬೆಸೆದು, ಕಾಲು ಕೊಟ್ಟು
ಅವನೇ ಮಾಡಿದ ಒಲೆ.
ಮೆಂಫಿಸ್ಸಿನ ನಮ್ಮ ಬೀದಿಯಲ್ಲಿ ಈ ಸೋಮವಾರ
ಯಾರೂ ಗಡಿಯಾರ ನೋಡುವುದಿಲ್ಲ,
ಹೊಗೆ ನೋಡುತ್ತಾರೆ.

ರಾತ್ರಿಯೇ ಪಕ್ಕೆಲುಬುಗಳನ್ನು ಬೋರಲು ಹಾಕಿ
ಒಳಮೈಯ ಪೊರೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ
ಕಾಗದದಲ್ಲಿ ಹಿಡಿದು ಒಂದೇ ಎಳೆತಕ್ಕೆ ಸುಲಿದಿಟ್ಟಿದ್ದೇನೆ,
ಮಗುವಿನ ಒದ್ದೆ ಕಾಲುಚೀಲ ಕಳಚಿದ ಹಾಗೆ.
ಮೇಲೆ ತೆಳ್ಳಗೆ ಅರೆದ ಸಾಸಿವೆ, ಅದರ ಮೇಲೆ ಪುಡಿ:
ಕಂದು ಸಕ್ಕರೆ, ಉಪ್ಪು, ಕೆಂಪು ಮೆಣಸು, ಬೆಳ್ಳುಳ್ಳಿ,
ಆಮೇಲೆ ಒಂದು ಚಿಟಿಕೆ ಏನೋ,
ನನಗೂ ಕಾಣದಂತೆ ಬೆನ್ನು ತಿರುಗಿಸಿ ಹಾಕುತ್ತಿದ್ದ.
ಕಾಫಿ ಪುಡಿ. ಎಂದೋ ಗೊತ್ತು.
ನಮ್ಮಲ್ಲಿ ಕಾಫಿ ಕುಡಿಯುವವರೇ ಇಲ್ಲ,
ಡಬ್ಬಿ ಮಾತ್ರ ಖಾಲಿಯಾಗುತ್ತದೆ.

ಮೊದಲೆಲ್ಲ ಆ ಪೀಪಾಯಿಯ ಹತ್ತಿರ
ನನ್ನ ನೆರಳೂ ಸುಳಿಯುವಂತಿರಲಿಲ್ಲ.
ಹೋದ ವರ್ಷ ಗಂಟಲಲ್ಲಿ ಗಡ್ಡೆ.
ಮೂವತ್ತೈದು ಸಲ ವಿಕಿರಣದ ಮೇಜಿನ ಮೇಲೆ
ಅಲುಗದೆ ಮಲಗಿ ಎದ್ದು ಬಂದ.
ಜೀವ ಉಳಿಯಿತು, ರುಚಿ ಹೋಯಿತು.
ಪೀಚ್ ಹಣ್ಣು ಕಚ್ಚಿ "ಒದ್ದೆ ಹತ್ತಿ" ಎಂದ.
ನನ್ನ ಮೆಕ್ಕೆಜೋಳದ ರೊಟ್ಟಿಗೆ "ಮರಳು" ಎಂದ.
(ಅದನ್ನು ಮೊದಲೂ ಅನ್ನುತ್ತಿದ್ದ.)

ಈಗ ಬೆಂಕಿ ಅವನದು, ನಾಲಿಗೆ ನನ್ನದು.
ಹಿಕರಿ ಕೊರಡು ಎಷ್ಟು, ಗಾಳಿಕಿಂಡಿ ಎಷ್ಟು,
ಅಂಗೈಯನ್ನು ಮುಚ್ಚಳದ ಮೇಲೆ ಹಿಡಿದು ಎಣಿಸುತ್ತಾನೆ.
ಬಿಳಿ ಹೊಗೆಗೆ ಬೈಯುತ್ತಾನೆ,
ನೀಲಿ ಹೊಗೆ ಕಂಡರೆ ಸುಮ್ಮನಾಗುತ್ತಾನೆ.
ಬಿಸಿಲೇರುವ ಹೊತ್ತಿಗೆ ಮಾಂಸ ಮುನಿಸಿಕೊಂಡು
ಒಂದೇ ಬಿಸಿಗೆ ನಿಂತುಬಿಡುತ್ತದೆ,
ಒಲೆ ಎಷ್ಟು ಕಾದರೂ.
ಅವನೂ ಕುರ್ಚಿ ಎಳೆದು ಎದುರು ಕೂರುತ್ತಾನೆ.
"ಅವಸರ ಮಾಡಿದರೆ ಚಪ್ಪಲಿ ತಿನ್ನಬೇಕಾದೀತು"
ಎನ್ನುತ್ತಾನೆ, ಪೀಪಾಯಿಗೋ ನನಗೋ.

ಒಳಗೆ ಸಾಸು ಕುದಿಯುತ್ತಿದೆ.
ಟೊಮೆಟೊ, ಕಾಕಂಬಿ, ಅವನ ಅಮ್ಮನ ಅಳತೆ.
ಯಾರಿಗೂ ಹೇಳಬೇಡಿ,
ಮೂವತ್ತೊಂದು ವರ್ಷವೂ ಅದು ನನಗೆ ಸಿಹಿ. ಅತಿ ಸಿಹಿ.
ಕೆಮ್ಮಿನ ಔಷಧಿಯಷ್ಟು.
ಹೊಸ ಸೊಸೆ ಏನು ಹೇಳಿಯಾಳು?
ಹೇಳದ್ದೇ ರೂಢಿಯಾಯಿತು.

"ಹೇಗಿದೆ?" ಕಿಟಕಿಯಾಚೆಯಿಂದ ಕೂಗಿದ.
"ಹಾಗೇ ಇದೆ" ಎನ್ನುವಷ್ಟರಲ್ಲಿ ಕೈ
ವಿನಿಗರ್ ಸೀಸೆಯನ್ನು ತಾನೇ ಹುಡುಕಿಕೊಂಡಿತ್ತು.
ಒಂದು ಸೌಟು. ನೆಕ್ಕಿದೆ. ಇನ್ನರ್ಧ.
ಆಹಾ, ಎಂದಿತು ಮೂವತ್ತೊಂದು ವರ್ಷದ ಬಾಯಿ.

ಮಧ್ಯಾಹ್ನ ಬೀದಿಗೆ ಬೀದಿಯೇ ಬಂತು.
ಮಿಸ್ ಯುಲಾ ಚರ್ಚಿನ ಟೋಪಿ ತೆಗೆಯದೆಯೇ
ಎಲುಬು ಚೀಪಿ ಚೀಪಿ ಬೆಳ್ಳಗಾಗಿಸಿದಳು.
ಎದುರುಮನೆಯ ಥೆಲ್ಮಸ್,
ಸಾಸೇ ಮುಟ್ಟದ ಒಣಪುಡಿಯ ಪಕ್ಷದವನು,
ಬಟ್ಟಲಿನ ಅಂಚನ್ನು ಬೆರಳಲ್ಲಿ ಬಳಿದ.
"ಏನು ಮಾಡಿದೆಯೋ ಈ ಸಲ?"
ಒಝೆಲ್ ಸೊಂಟಕ್ಕೆ ಕೈಯಿಟ್ಟು "ಅಮ್ಮನ ಅಳತೆ" ಎಂದ.
ನಾನು ಎಲೆಕೋಸು ಬಡಿಸುತ್ತಿದ್ದೆ,
ಬಹಳ ಶ್ರದ್ಧೆಯಿಂದ.

ಸಂಜೆ ಪಾತ್ರೆ ಉಜ್ಜುವಾಗ ಪಕ್ಕ ಬಂದು ನಿಂತ.
ತಳ ಹಿಡಿದ ಸಾಸಿನ ಮೇಲೆ ಬಾಗಿ
ಬಿಸಿನೀರು ಸುರಿದು, ಏಳುವ ಹಬೆಗೆ
ಮುಖವನ್ನೇ ಕೊಟ್ಟ. ಕಣ್ಣಲ್ಲಿ ನೀರಾಡಿತು.
"ನಾಲಿಗೆ ಸತ್ತಿದೆ," ಎಂದ,
"ಕಣ್ಣು ಉರಿಯುತ್ತದೆ, ಇನ್ನೂ."

ನಲ್ಲಿ ನಿಲ್ಲಿಸಿದೆ.
"ಎಷ್ಟು?"
"ಒಂದೂವರೆ ಸೌಟು."

ಟವೆಲ್ಲು ಎಳೆದುಕೊಂಡು ತಟ್ಟೆ ಒರೆಸತೊಡಗಿದ.
ಒಂದು. ಎರಡು. ಮೂರನೆಯದನ್ನು
ಒರೆಸಿದ ಮೇಲೂ ಒರೆಸುತ್ತ,
"ಬರೆದಿಡು," ಎಂದ, "ಅಮ್ಮನ ಚೀಟಿಯ ಹಿಂಬದಿಗೆ.
ಮುಂದೆ ಬೇಡ."